ಸಾಲಿ ಹೆಸರು, ಕರೆಯುವ ಹೆಸರು: ಅಕ್ಕರೆಯ ಹೆಸರು ಬರಹದಿಂದ ಬರಹಕ್ಕೆ ಬದಲಾಗುವ ಬಗೆ

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿಯ ಒಂದು ಮುದ್ರಣದ ಅಂಗಡಿಯಲ್ಲಿ ನಮ್ಮ ಅಣ್ಣನ ಮಗನ ಲಗ್ನಪತ್ರಿಕೆಯ ಕರಡು ತಿದ್ದಲು ಕುಳಿತಿದ್ದಾಗ, ಕಂಪ್ಯೂಟರಿನ ಮುಂದಿದ್ದ ಹುಡುಗ ಮುಹೂರ್ತ, ಸ್ಥಳ, ಊಟದ ವೇಳೆ ಎಲ್ಲವನ್ನೂ ತಾನೇ ತುಂಬಿಸಿಕೊಂಡು ಕೊನೆಗೆ ಕೇಳಿದ್ದು ಒಂದೇ ಮಾತು: "ಕಂಸದಾಗ ಏನ್ ಹಾಕಬೇಕ್ರಿ?" ವರನ ಹೆಸರಿನ ಪಕ್ಕದ ಆ ಕಂಸ ನಮ್ಮ ಕಡೆಯ ಲಗ್ನಪತ್ರಿಕೆಗಳಲ್ಲಿ ಕರೆಯುವ ಹೆಸರಿಗೆಂದೇ ಬಿಟ್ಟ ಜಾಗ. ನಮ್ಮ ಹುಡುಗನ ಹೆಸರನ್ನು ಇಲ್ಲಿ ಶರಣಬಸಪ್ಪ ಎಂದಿಟ್ಟುಕೊಳ್ಳೋಣ. ಕಲಬುರಗಿಯ ಯಾವ ಓಣಿಗೆ ಹೋದರೂ ಆ ಹೆಸರಿನವರು ಒಬ್ಬರಾದರೂ ಸಿಗುವುದರಿಂದ ಯಾರ ಗುಟ್ಟೂ ಬಯಲಾಗುವುದಿಲ್ಲ. ಅಣ್ಣನಿಗೆ ಸಾಲಿ ಹೆಸರೊಂದೇ, ಅಂದರೆ ಶಾಲೆಯ ದಾಖಲೆಯಲ್ಲಿರುವ ಹೆಸರೊಂದೇ, ಸಾಕಾಗಿತ್ತು. ಹುಡುಗನಿಗೆ ಗೆಳೆಯರೆಲ್ಲ ಬಳಸುವ "ಶರಣು" ಬೇಕಾಗಿತ್ತು. ಜೊತೆಗೆ ಬಂದಿದ್ದ ನಮ್ಮ ಅವ್ವ ಮಾತ್ರ, "ಶರಣ್ಯಾ ಅಂತ ಹಾಕ್ರಿ, ನಮ್ಮೂರಾಗ ಶರಣಬಸಪ್ಪ ಅಂದ್ರ ಯಾರಿಗಿ ಗೊತ್ತಾಗ್ತದ?" ಎಂದು ಪಟ್ಟು ಹಿಡಿದಳು. ಕೊನೆಗೆ ಅಚ್ಚಾದದ್ದು "ಚಿ. ಶರಣಬಸಪ್ಪ (ಶರಣು)". ಅವ್ವನ "ಶರಣ್ಯಾ" ಆ ಪತ್ರಿಕೆಯಲ್ಲಿ ಎಲ್ಲಿಯೂ ಬರಲಿಲ್ಲ. ಪತ್ರಿಕೆಯ ತಳದಲ್ಲಿ, ಮಕ್ಕಳ ಬಾಯಿಂದ ಕರೆ ಕೊಡಿಸುವ ಸಾಲಿನಲ್ಲಿ, "ನಮ್ಮ ಶರಣು ಕಾಕಾನ ಮದುವಿಗಿ ತಪ್ಪದೇ ಬರ್ರಿ" ಎಂದು ಆಡುಮಾತಿಗೆ ಒಂದಿಷ್ಟು ಎಡೆ ಸಿಕ್ಕಿತು, ಅಷ್ಟೇ.

ಒಬ್ಬನೇ ಮನುಷ್ಯ, ಒಂದೇ ಕಾಗದ, ಆದರೂ ಮೇಲಿನ ಸಾಲಿಗೆ ಒಂದು ಹೆಸರು, ಕಂಸಕ್ಕೆ ಇನ್ನೊಂದು, ತಳಕ್ಕೆ ಸಂಬಂಧವಾಚಕ ಸೇರಿದ ಮತ್ತೊಂದು, ಮತ್ತು ಕಾಗದಕ್ಕೆ ಬರಲೇ ಆಗದ ನಾಲ್ಕನೆಯದು. ಅಕ್ಕರೆಯ ಹೆಸರು ಬರಹದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬ ಪ್ರಶ್ನೆಯ ತಿರುಳು ಇಲ್ಲಿಯೇ ಇದೆ. ಆ ಹೆಸರಿಗೆ ಅರ್ಥ ಬರುವುದು ಅದನ್ನು ಕೂಗುವ ದನಿಯಿಂದ, ಕಾಗದಕ್ಕೆ ದನಿಯಿಲ್ಲ. ಹೀಗಾಗಿ ಪ್ರತಿಯೊಂದು ಬಗೆಯ ಬರಹವೂ ಆ ಕಳೆದುಹೋದ ದನಿಗೆ ಬದಲಾಗಿ ತನ್ನದೇ ಒಂದು ಏರ್ಪಾಡು ಮಾಡಿಕೊಂಡಿದೆ: ಲಗ್ನಪತ್ರಿಕೆ ಕಂಸವನ್ನು, ಕಚೇರಿ "ಉರ್ಫ್" ಎಂಬ ಶಬ್ದವನ್ನು, ಸುದ್ದಿಪತ್ರಿಕೆ "ಎಂದೇ ಪರಿಚಿತ" ಎಂಬ ಸವೆದ ಮಾತನ್ನು.

ಮೊದಲು ಒಂದು ಶಬ್ದದ ಗೊಂದಲವನ್ನು ಬಿಡಿಸಿಕೊಳ್ಳಬೇಕು. ದಕ್ಷಿಣದ ಜಿಲ್ಲೆಗಳ ಓದುಗರಿಗೆ "ಅಡ್ಡಹೆಸರು" ಎಂದರೆ ತಮಾಷೆಗೋ ಪ್ರೀತಿಗೋ ಇಟ್ಟ ಹೆಸರು. ನಮ್ಮ ಕಡೆ, ಕಲಬುರಗಿ, ಬೀದರ, ಯಾದಗಿರಿಗಳಲ್ಲಿ, "ನಿಮ್ಮ ಅಡ್ಡಹೆಸರೇನ್ರಿ?" ಎಂದು ಕೇಳಿದರೆ ಪಾಟೀಲ, ಬಿರಾದಾರ, ಕುಲಕರ್ಣಿ ಎಂಬ ಮನೆತನದ ಹೆಸರನ್ನು ಹೇಳಬೇಕಾಗುತ್ತದೆ. ಪ್ರೀತಿಯ ಹೆಸರಿಗೆ ಇಲ್ಲಿಯ ಜನ ಬಳಸುವುದು "ಮನ್ಯಾಗ ಕರಿಯೋ ಹೆಸರು". ಅದರ ಎದುರಿಗೆ ನಿಲ್ಲುವುದು "ಸಾಲಿ ಹೆಸರು". ಹೆಸರುಗಳನ್ನು ಇಡುವ ಕ್ರಮವೇ ಈ ಜೋಡಿಯನ್ನು ಹುಟ್ಟಿಸುತ್ತದೆ. ತೊಟ್ಟಿಲ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ ಉಸುರುವ ಹೆಸರು ಒಂದಾದರೆ, ತೊಟ್ಟಿಲು ತೂಗುವವರ ಬಾಯಲ್ಲಿ ನಿಲ್ಲುವುದು ಇನ್ನೊಂದು, ಐದಾರು ವರ್ಷದ ಮೇಲೆ ಸಾಲಿಯ ದಾಖಲಾತಿ ಪುಸ್ತಕಕ್ಕೆ ಹತ್ತುವುದು ಕೆಲವೊಮ್ಮೆ ಮೂರನೆಯದು.

ಕರೆಯುವ ಹೆಸರು ಹುಟ್ಟುವ ರೀತಿಗೆ ಒಂದು ಖಚಿತವಾದ ವ್ಯಾಕರಣವಿದೆ. ಉದ್ದದ ಹೆಸರಿನ ಮೊದಲ ತುಂಡನ್ನು ಉಳಿಸಿಕೊಂಡು ಅದಕ್ಕೆ ಉಕಾರ ಹಚ್ಚಿದರೆ ಓಣಿಯೂ ಕಾಲೇಜೂ ಒಪ್ಪುವ ಹೆಸರು ಬರುತ್ತದೆ: ಮಲ್ಲಿಕಾರ್ಜುನ ಮಲ್ಲು ಆಗುತ್ತಾನೆ, ಬಸವರಾಜ ಬಸು, ಸಿದ್ದರಾಮ ಸಿದ್ದು, ರೇವಣಸಿದ್ದಪ್ಪ ರೇವು, ಭೀಮಾಶಂಕರ ಭೀಮು. ಅದೇ ತುಂಡಿಗೆ "ಯಾ" ಹಚ್ಚಿದರೆ ಮಲ್ಲ್ಯಾ, ಬಸ್ಯಾ, ಸಿದ್ಯಾ, ರೇವ್ಯಾ, ಭೀಮ್ಯಾ. ಹೆಣ್ಣುಮಕ್ಕಳಿಗೆ ಇಕಾರ ಬರುತ್ತದೆ, ನಾಗಮ್ಮ ನಾಗಿ, ಯಲ್ಲಮ್ಮ ಯಲ್ಲಿ. ಇಲ್ಲವೇ "ಅವ್ವ" ಸೇರಿ ನಾಗವ್ವ, ಶರಣವ್ವ ಆಗುತ್ತದೆ. ಇವುಗಳಲ್ಲಿ "ಯಾ" ಎಂಬುದು ತೀರ ಎಚ್ಚರದಿಂದ ಮುಟ್ಟಬೇಕಾದ ಪ್ರತ್ಯಯ. ತಾಯಿ "ಶರಣ್ಯಾ" ಎಂದರೆ ಅದಕ್ಕಿಂತ ಮೆತ್ತನೆಯ ಶಬ್ದ ಇನ್ನೊಂದಿಲ್ಲ. ಬಾಲ್ಯದ ಗೆಳೆಯ ಎಂದರೆ ಸಲಿಗೆ. ಹೊಲದ ಬದುವಿಗಾಗಿ ಜಗಳಾಡುತ್ತಿರುವ ಪಕ್ಕದ ಹೊಲದವ ಎಂದರೆ ಅದು ಬೈಗುಳ. ಸಾಹುಕಾರ ತನ್ನ ಆಳನ್ನು ಹಾಗೆ ಕರೆದರೆ ಅದರಲ್ಲಿ ತಲೆಮಾರುಗಳ ಏರುತಗ್ಗು ಕೇಳಿಸುತ್ತದೆ. ಅಕ್ಷರಗಳು ಅವೇ. ಕೂಗಿದವರು ಯಾರು, ಎಷ್ಟು ಎಳೆದು ಕೂಗಿದರು ಎಂಬುದು ಮಾತ್ರ ಬೇರೆ. ಅವ್ವನ ಪ್ರೀತಿಯ ಹೆಸರು ಲಗ್ನಪತ್ರಿಕೆಗೆ ಏಕೆ ಬರಲಿಲ್ಲ ಎಂಬುದಕ್ಕೆ ಉತ್ತರ ಇದೇ: ಅಚ್ಚಾದ "ಶರಣ್ಯಾ"ವನ್ನು ಓದುವವನು ಅವ್ವನ ದನಿಯಲ್ಲಿ ಓದುತ್ತಾನೆ ಎಂಬ ಭರವಸೆ ಯಾರಿಗೂ ಇರಲಿಲ್ಲ.

ಕೆಲವು ಅಕ್ಕರೆಯ ಹೆಸರುಗಳು ಬೇಕೆಂದೇ ಕೆಟ್ಟ ಬಟ್ಟೆ ತೊಟ್ಟು ಬರುತ್ತವೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ, ಉಳಿದ ಕೂಸಿನ ಮೇಲೆ ಯಾರ ಕಣ್ಣೂ ಬೀಳದಿರಲೆಂದು, ತಿಪ್ಪೆಯ ಹೆಸರಿನಲ್ಲಿ ತಿಪ್ಪಣ್ಣ ಎಂದೋ, ಹುಚ್ಚಪ್ಪ ಎಂದೋ ಕರೆಯುವುದು ರೂಢಿ. ಇಂಥ ಹೆಸರು ಮನೆಯಲ್ಲಿ ಉಳಿಯದೆ ನೇರವಾಗಿ ಸಾಲಿಯ ಪುಸ್ತಕಕ್ಕೆ ಹತ್ತಿ, ಮುಂದೆ ಅದೇ ಅಧಿಕೃತ ಹೆಸರಾಗಿ, ಅದರೊಳಗಿನ ತಾಯಿಯ ಭಯವನ್ನು ಯಾರೂ ನೆನೆಯದಷ್ಟು ಸಹಜವಾಗಿಬಿಡುತ್ತದೆ. ಅಪ್ಪಾರಾವ, ಅಣ್ಣಾರಾವ, ಬಾಬುರಾವ, ಬಾಪುಗೌಡ ಎಂಬ ನಮ್ಮ ಭಾಗದ ಗತ್ತಿನ ಹೆಸರುಗಳಲ್ಲಿಯೂ ಮೊದಲರ್ಧ ಮನೆಯೊಳಗಿನ ಕರೆಯೇ. ರಾವ, ಗೌಡ ಎಂಬ ರುಮಾಲು ಸುತ್ತಿದ ಮೇಲೆ ಅದು ಹೊರಗಿನ ಪಡಸಾಲೆಗೆ ಬಂದು ಕುಳಿತಿದೆ.

ಹಾಡಿನಲ್ಲಿ ಅಕ್ಕರೆಯ ಹೆಸರಿಗೆ ಇರುವ ಸ್ವಾತಂತ್ರ್ಯ ಬೇರೆಲ್ಲಿಯೂ ಇಲ್ಲ, ಏಕೆಂದರೆ ಹಾಡು ಕಾಗದಕ್ಕೆ ಇಳಿದರೂ ದನಿಯನ್ನು ಪೂರ್ತಿಯಾಗಿ ಬಿಟ್ಟುಕೊಡುವುದಿಲ್ಲ. ಬೀಸುವ ಪದಗಳನ್ನೂ ಜೋಗುಳಗಳನ್ನೂ ನೋಡಿದರೆ ಅವುಗಳಲ್ಲಿ ಕೂಸಿನ ಸಾಲಿ ಹೆಸರು ಬರುವುದು ಅಪರೂಪ. ಕಂದಯ್ಯ, ತಮ್ಮಯ್ಯ, ಬಾಳ, ಹಡದವ್ವ ಎಂಬ ಕರೆಗಳೇ ತುಂಬಿವೆ. ಒಬ್ಬಳ ಬಾಯಿಂದ ಇನ್ನೊಬ್ಬಳ ಬಾಯಿಗೆ ಹೋಗುವ ಹಾಡಿನಲ್ಲಿ ಯಾರ ಮಗುವಿಗೂ ಒಪ್ಪುವ ಕರೆ ಇರಬೇಕು ಎಂಬುದು ಒಂದು ಕಾರಣ. ಛಂದಸ್ಸಿನದೂ ಒಂದು ಕಾರಣವಿದೆ. ಬೀಸುವ ಪದಗಳು ಹೆಚ್ಚಾಗಿ ಇರುವುದು ಮೂರು ಸಾಲಿನ ತ್ರಿಪದಿಯಲ್ಲಿ; ಅದರಲ್ಲಿ ಒಟ್ಟು 11 ಅಂಶಗಣಗಳು. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಬ್ರಹ್ಮಗಣಕ್ಕೆ ಎರಡು ಅಂಶ, ವಿಷ್ಣುಗಣಕ್ಕೆ ಮೂರು. ಗಣದ ಆರಂಭದಲ್ಲಿ ಎರಡು ಲಘು ಬಂದರೆ ಅವೆರಡೂ ಸೇರಿ ಒಂದೇ ಅಂಶ. ಈ ಲೆಕ್ಕದಲ್ಲಿ ಕಂದಯ್ಯ, ತಮ್ಮಯ್ಯ, ಹಡದವ್ವ ಇವು ಮೂರೂ ಅಳತೆ ತೆಗೆದು ಹೊಲಿದಂತೆ ಒಂದೊಂದು ವಿಷ್ಣುಗಣ. ಶರಣಬಸಪ್ಪ ಎಂಬುದಾದರೋ ಐದು ಅಂಶಗಳ ಹೆಸರು. ಅದು ಯಾವ ಒಂದು ಗಣದಲ್ಲಿಯೂ ಹಿಡಿಸುವುದಿಲ್ಲ. ಅದನ್ನೇ ಶರಣಯ್ಯ ಎಂದು ಕರೆದ ಕೂಡಲೇ ಬೀಸುಗಲ್ಲು ಸರಾಗವಾಗಿ ತಿರುಗುತ್ತದೆ. ಹೆಸರನ್ನು ಮುರಿಯುವುದು ಕೇವಲ ಮುದ್ದಿಗಾಗಿ ಎಂದು ತಿಳಿದಿದ್ದ ನನಗೆ, ಎಷ್ಟೋ ಸಲ ಹಾಡಿನ ನಡೆಯೇ ಮುರಿಯುತ್ತದೆ ಎಂಬುದು ಹೊಳೆದದ್ದು ಬೆರಳು ಮಡಚಿ ಎಣಿಸಿದ ಮೇಲೆ.

ವಚನ ಮತ್ತು ತತ್ವಪದಗಳ ಅಂಕಿತವನ್ನು ಅಕ್ಕರೆಯ ಹೆಸರೆಂದು ಹೇಳುವುದು ಸರಿಯಾಗಲಾರದು, ಆದರೆ ಎರಡಕ್ಕೂ ನೆಂಟಸ್ತಿಕೆ ಇದೆ. ಕಡಕೋಳದ ಮಡಿವಾಳಪ್ಪ ಪದದ ಕೊನೆಗೆ ತನ್ನ ಹೆಸರನ್ನು ಹಾಕದೆ ಗುರು ಮಹಾಂತನ ಹೆಸರನ್ನು ಹಾಕುವಾಗ, ತಾನು ಯಾರಿಗೆ ಸೇರಿದವನೋ ಅವನ ಹೆಸರನ್ನೇ ತನ್ನ ಗುರುತಾಗಿ ಮಾಡಿಕೊಳ್ಳುತ್ತಾನೆ. ವಚನಕಾರರು ದೇವರನ್ನು "ನೀನು" ಎಂದೇ ಏಕವಚನದಲ್ಲಿ ಕರೆಯುತ್ತಾರೆ. ಮನೆಯೊಳಗಿನ ಸಲಿಗೆಯ ವ್ಯಾಕರಣವೇ ಅಲ್ಲಿಯೂ ದುಡಿಯುತ್ತಿದೆ.

ಇನ್ನು ಕಚೇರಿಯ ಕಾಗದ. ನಮ್ಮ ಮೂರು ಜಿಲ್ಲೆಗಳು 1948ರ ಸೆಪ್ಟೆಂಬರ್ 17ರವರೆಗೆ ನಿಜಾಮನ ಆಳ್ವಿಕೆಯ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕಚೇರಿಯ ಭಾಷೆ ಉರ್ದುವಾಗಿತ್ತು. "ಉರ್ಫ್" ಎಂಬ ಶಬ್ದ ಇಂದಿಗೂ ನಮ್ಮ ಅರ್ಜಿಗಳಲ್ಲಿ ಸಹಜವಾಗಿ ಬರುವುದರ ಹಿನ್ನೆಲೆ ಇದು. ಅರಬ್ಬಿ ಮೂಲದ ಈ ಶಬ್ದಕ್ಕೆ ರೂಢಿ, ಬಳಕೆ ಎಂಬ ಅರ್ಥವಿದ್ದು, ಹೆಸರುಗಳ ನಡುವೆ ಬಂದಾಗ "ರೂಢಿಯಲ್ಲಿ ಹೀಗೆ ಕರೆಯಲ್ಪಡುವ" ಎಂದು ಅರ್ಥವಾಗುತ್ತದೆ. ಉರ್ದು–ಫಾರಸಿ ಬರಹದ ಸಂಪ್ರದಾಯ ಈ ವಿಷಯದಲ್ಲಿ ನಮಗಿಂತ ಅಚ್ಚುಕಟ್ಟು: ಹುಟ್ಟಿದಾಗ ಇಟ್ಟದ್ದು ಇಸ್ಮ್, ಇಂಥವನ ತಂದೆ ಎಂದು ಮಗನ ಹೆಸರಿನಿಂದ ಕರೆದರೆ ಕುನಿಯತ್, ಗುಣಕ್ಕೋ ರೂಪಕ್ಕೋ ಬಂದ ಹೆಸರು ಲಕಬ್, ಕವಿ ತಾನೇ ಇಟ್ಟುಕೊಂಡದ್ದು ತಖಲ್ಲುಸ್, ಜನ ಕರೆಯುವುದು ಉರ್ಫ್. ಕನ್ನಡದಲ್ಲಿ ನಾವು ಇವೆಲ್ಲವನ್ನೂ "ಹೆಸರು" ಎಂಬ ಒಂದೇ ಗೂಟಕ್ಕೆ ಕಟ್ಟುತ್ತೇವೆ.

ತೊಡಕು ಹುಟ್ಟಿದ್ದು ಲಿಪಿಯಿಂದ. ಉರ್ದು ಬರಹದಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ಒತ್ತಕ್ಷರದ ಗುರುತನ್ನೂ ಹಲವೊಮ್ಮೆ ಬಿಡುತ್ತಾರೆ, ಣಕಾರಕ್ಕೂ ಳಕಾರಕ್ಕೂ ಬೇರೆ ಅಕ್ಷರಗಳಿಲ್ಲ, ಮತ್ತು ವಾವ್ ಎಂಬ ಒಂದೇ ಅಕ್ಷರ ವ, ಊ, ಓ ಎಲ್ಲಕ್ಕೂ ದುಡಿಯುತ್ತದೆ. ಉದ್ದದ ಹೆಸರಾದರೆ ಓದುವವನು ಊಹಿಸಿ ಸರಿಪಡಿಸಿಕೊಳ್ಳಬಲ್ಲ. ಮೂರೇ ಅಕ್ಷರಗಳ ಕರೆಯುವ ಹೆಸರಾದರೆ ಊಹೆಗೆ ಆಸರೆಯೇ ಇರುವುದಿಲ್ಲ. ಮೀಮ್, ಲಾಮ್, ವಾವ್ ಎಂದು ಬರೆದದ್ದನ್ನು ಮಲ್ಲು ಎಂದೂ ಓದಬಹುದು, ಮಲೋ ಎಂದೂ ಓದಬಹುದು. ಶರಣು ಎಂಬುದು ಶರನೋ ಆಗಿ ಕನ್ನಡಕ್ಕೆ ಮರಳಬಹುದು. ಹಳೆಯ ಉರ್ದು ದಾಖಲೆಯಿಂದ ಕನ್ನಡಕ್ಕೆ ನಕಲಾಗುವಾಗ ಹೀಗೆ ಒಬ್ಬನೇ ಮುತ್ಯಾ (ಅಜ್ಜ) ಇಬ್ಬರಾಗುವುದು ಸಾಧ್ಯವಿತ್ತು.

ಈ ಭಾಗದ ದಾಖಲೆಗಳಲ್ಲಿ ಇನ್ನೊಂದು ಗಮನಿಸಬೇಕಾದ ಕ್ರಮವಿದೆ. ಮೈಸೂರು ಕಡೆ "ಬಿನ್", "ಕೋಂ" ಎಂದು ಬರೆಯುವ ಜಾಗದಲ್ಲಿ ನಾವು "ತಂದೆ", "ಗಂಡ" ಎಂದು ಬರೆಯುತ್ತೇವೆ: ಬಸಪ್ಪ ತಂದೆ ಶರಣಪ್ಪ, ನಾಗಮ್ಮ ಗಂಡ ಬಸಪ್ಪ. ಹೆಸರೊಂದೇ ಸಾಲದೆ ಅದರ ಪಕ್ಕಕ್ಕೆ ಸಂಬಂಧವನ್ನೂ ನಿಲ್ಲಿಸುವ ಈ ಬಗೆಯಲ್ಲಿ, ಮಗನ ಹೆಸರು ಸಾಲಿಯದಾಗಿದ್ದು ತಂದೆಯ ಹೆಸರು ಕರೆಯುವುದಾಗಿದ್ದರೆ ಪೇಚು ಆರಂಭವಾಗುತ್ತದೆ. ನಮ್ಮ ಮನೆಯದೇ ಉದಾಹರಣೆ ಕೊಡುವುದಾದರೆ, ಮುತ್ಯಾ ತೀರಿಕೊಂಡ ಮೇಲೆ ಪೌತಿ ಖಾತೆಗೆಂದು ಹೋದಾಗ ಪಹಣಿಯಲ್ಲಿದ್ದುದು ಅವರ ಕರೆಯುವ ಹೆಸರು, ಮರಣ ಪ್ರಮಾಣಪತ್ರದಲ್ಲಿದ್ದುದು ಆಧಾರ್ ಕಾರ್ಡಿನ ಪೂರ್ಣ ಹೆಸರು. ಮೇಜಿನ ಆಚೆಗಿದ್ದವರು ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟು, "ಇವರು ಬ್ಯಾರೆ, ಅವರು ಬ್ಯಾರೆ" ಎಂದರು. ಊರಿನಲ್ಲಿ ಎಂಬತ್ತು ವರ್ಷ ಎಲ್ಲರೂ ಕೂಗಿದ ಹೆಸರು ಅಲ್ಲಿ ಅಪರಿಚಿತನ ಹೆಸರಾಯಿತು. ಕೊನೆಗೆ ಛಾಪಾ ಕಾಗದದ ಮೇಲೆ, ನೋಟರಿಯ ಮುಂದೆ, "ಈ ಎರಡೂ ಹೆಸರುಗಳು ಒಬ್ಬನೇ ವ್ಯಕ್ತಿಯವು" ಎಂದು ಅಪ್ಪ ಪ್ರಮಾಣ ಮಾಡಿ, ಎರಡು ಹೆಸರುಗಳ ನಡುವೆ "ಉರ್ಫ್" ಬರೆಸಿದ ಮೇಲೆ ಕೆಲಸ ಮುಂದಕ್ಕೆ ಹೋಯಿತು. ಆ ಅಫಿಡವಿಟ್ಟಿನ ಭಾಷೆ ಒಣಗಿದ ಕಟ್ಟಿಗೆಯಂತಿತ್ತು. ಆದರೂ ಮುತ್ಯಾನನ್ನು ಅವನ ಅವ್ವ ಏನೆಂದು ಕರೆಯುತ್ತಿದ್ದಳು ಎಂಬುದಕ್ಕೆ ನಮ್ಮ ಮನೆಯಲ್ಲಿರುವ ಒಂದೇ ಲಿಖಿತ ಸಾಕ್ಷಿ ಅದು.

ಹೀಗಾಗದಂತೆ ನೋಡಿಕೊಳ್ಳಲು ಕಾನೂನಿನಲ್ಲಿ ಹಾದಿಗಳಿವೆ. 1969ರ ಜನನ ಮರಣ ನೋಂದಣಿ ಅಧಿನಿಯಮದ ಪ್ರಕಾರ ಹೆಸರಿಡುವ ಮೊದಲೇ ಜನನವನ್ನು ನೋಂದಾಯಿಸಬಹುದು. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆಯೂ, ಆಮೇಲೆ 15 ವರ್ಷಗಳವರೆಗೆ ತಡದ ಶುಲ್ಕ ಕಟ್ಟಿಯೂ ಹೆಸರನ್ನು ಸೇರಿಸಬಹುದು. ಆಧಾರ್‌ನಲ್ಲಿ ಹೆಸರನ್ನು ತಿದ್ದಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಆಸ್ಪತ್ರೆಯಲ್ಲಿ ನರ್ಸ್ ಕೇಳಿದ ಕೂಡಲೇ ಅವಸರಕ್ಕೆ "ಚಿನ್ನು" ಎಂದೋ "ಅಪ್ಪು" ಎಂದೋ ಬರೆಸಿಬಿಡುವವರು ಈ ಎರಡು ಸಂಗತಿಗಳನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಅಕ್ಕರೆಯ ಹೆಸರು ಕಾಗದದಲ್ಲಿ ಸೋಲದೆ ಗೆದ್ದ ಉದಾಹರಣೆಗಳಿಗೆ ಕಲಬುರಗಿಯಂಥ ಊರು ಇನ್ನೊಂದಿಲ್ಲವೆಂದು ನನ್ನ ಅನಿಸಿಕೆ. ದರ್ಗಾದ ಸೂಫಿ ಸಂತ ಖಾಜಾ ಬಂದೇ ನವಾಜರನ್ನೇ ನೋಡಿ. 1321ರಲ್ಲಿ ದೆಹಲಿಯಲ್ಲಿ ಹುಟ್ಟಿ, ಫಿರೋಜ್ ಶಾಹ ಬಹಮನಿಯ ಕಾಲದಲ್ಲಿ ಇಲ್ಲಿಗೆ ಬಂದು, 1422ರಲ್ಲಿ ಇಲ್ಲಿಯೇ ತೀರಿಕೊಂಡ ಅವರ ಹೆಸರು ಸೈಯದ್ ಮುಹಮ್ಮದ್ ಹುಸೇನಿ. ಆ ಹೆಸರನ್ನು ಹೇಳಿ ಆಟೋದವನನ್ನು ಕೇಳಿದರೆ ಅವನು ಒಂದು ಕ್ಷಣ ಯೋಚಿಸಬೇಕಾಗುತ್ತದೆ. ಬಂದೇ ನವಾಜ್ ಎಂದರೆ ಸೇವಕರ ಮೇಲೆ ಕರುಣೆಯುಳ್ಳವರು. ಅವರ ಇನ್ನೊಂದು ಹೆಸರಾದ ಗೇಸೂ ದರಾಜ್ ಎಂದರೆ ನೀಳ ಕೂದಲಿನವರು. ಗುರುವಿನ ಪಲ್ಲಕ್ಕಿ ಹೊತ್ತಾಗ ಕೂದಲು ಅದರಲ್ಲಿ ಸಿಕ್ಕಿಕೊಂಡರೂ ಗುರುವಿನ ಪಯಣಕ್ಕೆ ಅಡ್ಡಿಯಾಗದಿರಲೆಂದು ನೋವನ್ನು ನುಂಗಿ ನಡೆದರೆಂಬ ಕಥೆಯನ್ನು ಆ ಹೆಸರಿನ ಹಿಂದೆ ಹೇಳುತ್ತಾರೆ. ಗುರು ನಸೀರುದ್ದೀನರಿಗೂ "ದೆಹಲಿಯ ದೀಪ" ಎಂಬ ಅರ್ಥದ ಚಿರಾಗ್-ಎ-ದೆಹಲಿ ಎಂಬುದೇ ನಿಂತ ಹೆಸರು. ಇತಿಹಾಸದ ಗ್ರಂಥ ಮೂಲ ಹೆಸರಿನಿಂದ ಆರಂಭಿಸಿ ಲಕಬನ್ನು ಆಮೇಲೆ ಹೇಳುತ್ತದೆ. ಉರುಸಿನ ಕರಪತ್ರ ಲಕಬನ್ನು ಮೇಲೆ ದೊಡ್ಡದಾಗಿ ಬರೆಯುತ್ತದೆ. ಕವ್ವಾಲಿಯಲ್ಲಿ "ಖಾಜಾ" ಎಂಬ ಎರಡಕ್ಷರವೇ ಸಾಕು.

ಬಹಮನಿ ಸುಲ್ತಾನರ ಗೋರಿಗಳಿರುವ ಬೀದರಿನ ಅಷ್ಟೂರಿನಲ್ಲಿ ಈ ಆಟ ಇನ್ನೂ ಸೊಗಸಾಗಿದೆ. 1422ರಿಂದ 1436ರವರೆಗೆ ಆಳಿದ ಸುಲ್ತಾನ ಪಠ್ಯಪುಸ್ತಕದಲ್ಲಿ ಒಂದನೆಯ ಅಹಮದ್ ಶಾಹ. ಬರಗಾಲದಲ್ಲಿ ಅವನ ಪ್ರಾರ್ಥನೆಗೆ ಮಳೆ ಬಂತೆಂದು ಜನ ಅವನನ್ನು "ವಲಿ" (ಸಂತ) ಎಂದರು; ಆ ಹೆಸರು ಅವನ ಗೋರಿಗೂ ಅಂಟಿಕೊಂಡಿತು. ಅವನ ಉರುಸಿಗೆ ಬರುವ ಲಿಂಗಾಯತ ಭಕ್ತರ ಬಾಯಲ್ಲಿ ಅವನು ಅಲ್ಲಮಪ್ರಭು. ರಾಜವಂಶದ ಪಟ್ಟಿ ಬರೆಯುವವನು, ಸಂತರ ಚರಿತ್ರೆ ಬರೆಯುವವನು, ಜಾತ್ರೆಗೆ ಹೊರಟವನು, ಈ ಮೂವರೂ ಒಂದೇ ಗುಮ್ಮಟದತ್ತ ಕೈ ಮಾಡಿ ಮೂರು ಹೆಸರು ಹೇಳುತ್ತಾರೆ.

ಶರಣಬಸವೇಶ್ವರರ ವಿಷಯದಲ್ಲಿ ಹೆಸರು ಊರಿನ ನಕಾಶೆಗೇ ಇಳಿದಿದೆ. ಜೇವರ್ಗಿ ಕಡೆಯ ಅರಳಗುಂಡಗಿಯಲ್ಲಿ ಹುಟ್ಟಿ, ದಾಸೋಹದಿಂದ ಹೆಸರಾಗಿ, 1822ರಲ್ಲಿ ಕಲಬುರಗಿಯಲ್ಲಿ ಲಿಂಗೈಕ್ಯರಾದ ಅವರು ಜನಕ್ಕೆ "ಅಪ್ಪ". ಸಂಸ್ಥಾನದ ಆಮಂತ್ರಣದಲ್ಲಿ ಮಹಾದಾಸೋಹಿ ಎಂದು ಆರಂಭವಾಗಿ ಸಾಲು ತುಂಬುವಷ್ಟು ವಿಶೇಷಣಗಳು ಬರುತ್ತವೆ. ಗುಡಿಯ ಮಗ್ಗುಲಿನ ಕೆರೆಯ ಮುಂದೆ ಬಸ್ಸಿನಿಂದ ಇಳಿಯುವವರು "ಅಪ್ಪನ ಕೆರಿ ಹತ್ರ ನಿಂದ್ರಸ್ರಿ" ಎಂದಷ್ಟೇ ಹೇಳುತ್ತಾರೆ. ಅವರ ಪೀಠಕ್ಕೆ ಬಂದವರ ಹೆಸರಿನಲ್ಲಿ "ಅಪ್ಪ" ಎಂಬುದು ಮನೆತನದ ಹೆಸರಿನಂತೆಯೇ ಕೊನೆಗೆ ನಿಲ್ಲುತ್ತದೆ. ಕರೆ ಎಂಬುದು ಅಡ್ಡಹೆಸರಾದ, ನಮ್ಮ ಕಡೆಯ ಅರ್ಥದ ಅಡ್ಡಹೆಸರಾದ, ಅಪರೂಪದ ನಿದರ್ಶನವಿದು. ಬಸವಕಲ್ಯಾಣದಲ್ಲಿ ನೆಲೆಸಿದ್ದ, 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದ ಮೊದಲ ಮಹಿಳೆ ಜಯದೇವಿತಾಯಿ ಲಿಗಾಡೆ ಅವರ ಹೆಸರಿನ ನಡುವಿನ "ತಾಯಿ"ಯೂ ಅಂಥದ್ದೇ. ಅದನ್ನು ಬಿಟ್ಟು ಬರೆದರೆ ಗ್ರಂಥಾಲಯದ ಸೂಚಿಯಲ್ಲಿ ಅವರೇ ಸಿಗಲಾರರು.

ಈ ಸಾಲಿನಲ್ಲಿ ಎಲ್ಲಕ್ಕಿಂತ ದೊಡ್ಡ ಗೆಲುವು ಬಸವಣ್ಣನದು. ಬಸವ ಎಂಬುದು ವೃಷಭದ ತದ್ಭವ. ಅಣ್ಣ ಎಂಬುದು ಕಲ್ಯಾಣದ ಶರಣರು ಬೆಸೆದುಕೊಂಡ ನಂಟು. ಶಾಲೆಯ ಪುಸ್ತಕಗಳೂ ವೃತ್ತಗಳ ಫಲಕಗಳೂ ಬಹುಕಾಲ ಬಸವೇಶ್ವರ ಎಂಬ ಗಂಭೀರ ರೂಪವನ್ನು ಮೆಚ್ಚಿದ್ದವು. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಅವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿದಾಗ ಬಳಸಿದ ಹೆಸರು ಮಾತ್ರ ಬಸವಣ್ಣ ಎಂದೇ. ಸರ್ಕಾರಿ ಆದೇಶದ ಭಾಷೆ "ಅಣ್ಣ" ಎನ್ನುವುದು ದಿನವೂ ಕಾಣಸಿಗುವ ಸಂಗತಿಯಲ್ಲ.

ಪರದೇಶದವನ ಲೇಖನಿಯಲ್ಲಿಯೂ ನಮ್ಮ ಕರೆಯೊಂದು ಉಳಿದಿದೆ. 1841ರಿಂದ 1853ರವರೆಗೆ ಸುರಪುರದ ಆಡಳಿತ ನೋಡಿಕೊಂಡ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್, ಅಲ್ಲಿಯ ಬಾಲರಾಜ ವೆಂಕಟಪ್ಪ ನಾಯಕ ತನ್ನನ್ನು "ಅಪ್ಪಾ" ಎನ್ನುತ್ತಿದ್ದುದನ್ನು ಆತ್ಮಕಥೆಯಲ್ಲಿ ಬರೆದಿದ್ದಾನೆ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಸೆರೆಯಾದ ರಾಜನನ್ನು ಸಿಕಂದರಾಬಾದಿನಲ್ಲಿ ಕಂಡಾಗಲೂ ಕೇಳಿಸಿದ್ದು ಅದೇ ಕರೆ. ಇಂಗ್ಲಿಷ್ ವಾಕ್ಯದ ನಡುವೆ ಆ ಕನ್ನಡ ಶಬ್ದವನ್ನು ಅವನು ಹಾಗೆಯೇ ಉಳಿಸಿಕೊಂಡ. ಅಧಿಕಾರಿಯ ವರದಿಯಲ್ಲಿ ಆ ಯುವಕ ಒಬ್ಬ ಬಂಡಾಯಗಾರ. ಅದೇ ಕೈ ಆತ್ಮಕಥೆ ಬರೆಯುವಾಗ ಅವನು ಅಪ್ಪಾ ಎಂದವನು. ಸುರಪುರದಲ್ಲಿ ರಾಜನ ಪಕ್ಷ ವಹಿಸುವವರಿಗೆ ಆ ಅಕ್ಕರೆಯ ಮೇಲೆ ಅನುಮಾನವಿದ್ದರೆ ತಪ್ಪೆನ್ನಲಾಗದು, ಏಕೆಂದರೆ ಆ ಕರೆಯನ್ನು ನಮಗೆ ತಲುಪಿಸುತ್ತಿರುವವನು ಕರೆಸಿಕೊಂಡವನೇ ಹೊರತು ಕರೆದವನಲ್ಲ.

ಪತ್ರಿಕೆಗಳ ಭಾಷೆಯಲ್ಲಿ ಕ್ರಿಯಾಪದವೇ ಎಲ್ಲವನ್ನೂ ಹೇಳಿಬಿಡುತ್ತದೆ. ಗೌರವಾನ್ವಿತರ ಸುದ್ದಿಯಾದರೆ "ಮುತ್ಯಾ ಎಂದೇ ಪರಿಚಿತರಾಗಿದ್ದರು" ಎಂದು ಹೆಸರು ಏಕವಚನದಲ್ಲಿದ್ದರೂ ಕ್ರಿಯೆ ಬಹುವಚನಕ್ಕೆ ಏರುತ್ತದೆ. "ಎಂದೇ" ಎಂಬುದರ ಏಕಾರ, ಈ ಸಲಿಗೆ ನಮ್ಮದಲ್ಲ, ಊರಿನದು ಎಂದು ಕೈ ತೊಳೆದುಕೊಳ್ಳುತ್ತದೆ. ಅಪರಾಧದ ಸುದ್ದಿಯಲ್ಲಿ "ಎಂದೇ" ಹೋಗಿ "ಅಲಿಯಾಸ್" ಬರುತ್ತದೆ, ಕ್ರಿಯಾಪದ ಏಕವಚನಕ್ಕೆ ಇಳಿಯುತ್ತದೆ. ತಾಯಿ ಇಟ್ಟ "ಗುಂಡ್ಯಾ" ಎಂಬ ಹೆಸರೇ ಅಲಿಯಾಸ್‌ನ ಮಗ್ಗುಲಿಗೆ ಬಂದೊಡನೆ ಓದುಗರ ಕಣ್ಣಿಗೆ ರೌಡಿಯ ಹೆಸರಾಗುತ್ತದೆ, ಅವನ ಮೇಲಿನ ಆರೋಪ ಇನ್ನೂ ಸಾಬೀತಾಗಿರದಿದ್ದರೂ. ಪೊಲೀಸ್ ದಾಖಲೆಯಲ್ಲಿ ಗುರುತಿಗಾಗಿ ಅದು ಇರಲೇಬೇಕು. ಸುದ್ದಿಯ ತಲೆಬರಹಕ್ಕೆ ಅದನ್ನು ಎಳೆದು ತರುವುದು ನನಗೆ ಸರಿಕಾಣದು.

ಚುನಾವಣೆಯ ಮತಪತ್ರ ಈ ವಿಷಯದಲ್ಲಿ ಉದಾರಿ. 1961ರ ಚುನಾವಣಾ ನಿಯಮಗಳಲ್ಲಿ, ನಾಮಪತ್ರದಲ್ಲಿ ತೋರಿಸಿದ ಹೆಸರು ತಾನು ಜನರಲ್ಲಿ ಪರಿಚಿತನಾಗಿರುವ ಹೆಸರಿಗಿಂತ ಬೇರೆಯಾಗಿದ್ದರೆ ಸರಿಯಾದ ರೂಪವನ್ನು ಅಭ್ಯರ್ಥಿಯು ಲಿಖಿತವಾಗಿ ಕೊಡಲು ಅವಕಾಶವಿದೆ. ಮತ ಹಾಕುವವರಿಗೆ ಸಾಲಿ ಹೆಸರು ಗೊತ್ತಿರದಿರಬಹುದು ಎಂಬುದನ್ನು ಕಾನೂನೇ ಒಪ್ಪಿಕೊಂಡಂತಾಯಿತು.

ಪತ್ರವ್ಯವಹಾರ ನಿಂತುಹೋದ ಈ ಕಾಲದಲ್ಲಿ ಅಕ್ಕರೆಯ ಹೆಸರು ಅತಿ ಹೆಚ್ಚಾಗಿ ಬರೆಯಲ್ಪಡುತ್ತಿರುವುದು ಫೋನಿನ ಹೆಸರುಪಟ್ಟಿಯಲ್ಲಿ. ಹಿಂದೆ "ತೀರ್ಥರೂಪ", "ಚಿರಂಜೀವಿ" ಎಂಬ ಒಕ್ಕಣೆಗಳು ಮಾಡುತ್ತಿದ್ದ ಕೆಲಸವನ್ನು ಇಂದು "ಶರಣು ಮಾಮಾ ಗಂಜ್" ಎಂಬಂಥ ಮೂರು ಶಬ್ದಗಳು ಮಾಡುತ್ತವೆ: ಕರೆಯುವ ಹೆಸರು, ಸಂಬಂಧ, ಅಂಗಡಿಯಿರುವ ನೆಹರೂ ಗಂಜ್. ಅದನ್ನು ಓದುವವರು ಇಟ್ಟುಕೊಂಡವರೊಬ್ಬರೇ ಆದ್ದರಿಂದ ಅಲ್ಲಿ ಕಂಸವೂ ಬೇಡ, ಉರ್ಫೂ ಬೇಡ. ಆದರೆ ಅದೇ ಮಾಮಾನಿಗೆ ಫೋನ್‌ಪೇಯಲ್ಲಿ ದುಡ್ಡು ಕಳಿಸಲು ಹೋದರೆ ಪರದೆಯ ಮೇಲೆ ಬ್ಯಾಂಕಿನ ಖಾತೆಯ ಉದ್ದನೆಯ ಹೆಸರು ಮೂಡುತ್ತದೆ, ಬೆರಳು ಅರೆಗಳಿಗೆ ತಡೆಯುತ್ತದೆ. ನಮ್ಮ ಅವ್ವನಂಥವರು ಆಗ ಫೋನ್ ಮಾಡಿ, "ಇಲ್ಲಿ ಯಾರೋ ಶರಣಬಸಪ್ಪ ಅಂತ ಬರ್ಲಿಕತ್ತದ, ನೀನೇ ಏನಪಾ?" ಎಂದು ಖಾತ್ರಿ ಮಾಡಿಕೊಂಡೇ ಗುಂಡಿ ಒತ್ತುತ್ತಾರೆ.

ಲಗ್ನಪತ್ರಿಕೆಯ ಕಂಸ ತಿರುಗಿ ಬರುವುದು ಊರ ಅಗಸಿಯಲ್ಲಿ ಕಟ್ಟುವ ಶ್ರದ್ಧಾಂಜಲಿಯ ಫ್ಲೆಕ್ಸಿನಲ್ಲಿ, ಅದೂ ತಿರುವುಮುರುವಾಗಿ. ಅಲ್ಲಿ ಕರೆಯುವ ಹೆಸರು ಕಂಸದಿಂದ ಹೊರಬಂದು ಮೇಲೆ ದೊಡ್ಡಕ್ಷರದಲ್ಲಿ ನಿಲ್ಲುತ್ತದೆ, ಸಾಲಿ ಹೆಸರು ಅದರ ಕೆಳಗೆ ಸಣ್ಣದಾಗುತ್ತದೆ. ಸೈಕಲ್ ಮೋಟಾರ್ ನಿಲ್ಲಿಸಿ, ಒಂದು ಕಾಲು ನೆಲಕ್ಕೆ ಊರಿ, ಮೇಲಿನ ಸಾಲನ್ನು ಓದಿ "ಅಯ್ಯೋ, ನಮ್ಮ ಮುತ್ಯಾ" ಎನ್ನುವ ದಾರಿಹೋಕರಲ್ಲಿ ಹಲವರು ಅವರ ಪೂರ್ಣ ಹೆಸರನ್ನು ಮೊದಲ ಸಲ ಓದುವುದು ಆಗಲೇ.